ಶೆಡ್ಡಿನಲ್ಲಿ ನಿಂತ ಕಾರು

ವೀನ್ಸ್ ಮನೆಯ ಭಾನುವಾರ ಶನಿವಾರ ಬೆಳಿಗ್ಗೆಯೇ ಶುರುವಾಗುತ್ತಿತ್ತು. ಹಾಲು, ಬೆಣ್ಣೆ ಬೆರೆಸಿ ಕಲಸಿದ ಹಿಟ್ಟು ದೊಡ್ಡ ಬೋಗುಣಿಯಲ್ಲಿ ಬಟ್ಟೆ ಹೊದ್ದುಕೊಂಡು ಒಲೆಯ ಪಕ್ಕ ಕೂರುತ್ತಿತ್ತು. ಅದು ಉಬ್ಬಿ ಬಟ್ಟೆಯನ್ನು ತಾನೇ ಎತ್ತುವವರೆಗೆ ಮನೆಯಲ್ಲಿ ಯಾರೂ ಬಾಗಿಲನ್ನು ಜೋರಾಗಿ ಹಾಕುವಂತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಬೇಯುವ ಬನ್ನಿನ ವಾಸನೆ ಅಂಗಳ ದಾಟಿ, ರಸ್ತೆ ದಾಟಿ, ಬಿರ್ಕೆನ್‌ಟಾಲ್ ಹಳ್ಳಿಯ ಅರ್ಧ ಭಾಗಕ್ಕೆ ಮುಟ್ಟುತ್ತಿತ್ತು. ಶನಿವಾರ ಎಲ್ಲ ಮನೆಗಳಲ್ಲೂ ಅದೇ ವಾಸನೆ, ನಿಜ. ಆದರೆ ಕೆನಡಾದ ಮ್ಯಾನಿಟೋಬಾದ ಆ ಬಯಲಿನಲ್ಲಿ ಆಗ ಬಾಳಿದವರನ್ನು ಈಗ ಕೇಳಿದರೂ, ವೀನ್ಸ್ ಮನೆಯ ವಾಸನೆಯೇ ಬೇರೆ ಎನ್ನುತ್ತಾರೆ.

ಜೋಡಿಬನ್ನು ಎಂದರೆ ಕೆಳಗೊಂದು ದಪ್ಪ ಉಂಡೆ, ಅದರ ಮೇಲೊಂದು ಸಣ್ಣ ಉಂಡೆ. ಮೇಲಿನದನ್ನು ಕೂರಿಸಿ, ಹೆಬ್ಬೆರಳಿನಿಂದ ತಳ ಮುಟ್ಟುವ ಹಾಗೆ ಒಂದು ಸಲ ಒತ್ತಬೇಕು. ಒತ್ತುವುದರಲ್ಲಿ ಆತುರ ಮಾಡಿದರೆ ಒಲೆಯೊಳಗೆ ತಲೆ ಜಾರಿ ಬೀಳುತ್ತದೆ. ತಟ್ಟೆಯಲ್ಲಿ ತಲೆಯಿಲ್ಲದ ಬನ್ನು ಕಂಡರೆ ಆ ಮನೆಯ ಹೆಂಗಸಿಗೆ ಮೈ ಸರಿಯಿಲ್ಲ, ಇಲ್ಲವೇ ಮನಸ್ಸು ಸರಿಯಿಲ್ಲ ಎಂದು ಜನ ತಿಳಿದುಬಿಡುತ್ತಿದ್ದರು.

ಭಾನುವಾರ ಕಾಫಿಗೆ ಬಿಟ್ಟರೆ ಬೇರೆ ಯಾವುದಕ್ಕೂ ಒಲೆ ಹಚ್ಚುತ್ತಿರಲಿಲ್ಲ. ಆರಾಧನೆ ಮುಗಿಸಿ ಬಂದು, ತಣ್ಣಗಿನದೇನಾದರೂ ಉಂಡು, ಒಂದು ನಿದ್ದೆ ತೆಗೆದು ಎದ್ದ ಮೇಲೆ ಫಾಸ್ಪಾ, ಭಾನುವಾರದ ಸಂಜೆಯ ಕಾಫಿತಿಂಡಿ. ಬಿಳಿಯ ಮೇಜುವಸ್ತ್ರದ ಮೇಲೆ ಜೋಡಿಬನ್ನು, ಬೆಣ್ಣೆ, ಎರಡು ಬಗೆಯ ಜಾಮು, ಚೀಸು, ತಣ್ಣನೆಯ ಮಾಂಸ, ಕೆಟಲಿನ ತುಂಬ ಕಾಫಿ. ಫಾಸ್ಪಾಕ್ಕೆ ಯಾರೂ ಯಾರನ್ನೂ ಕರೆಯುತ್ತಿರಲಿಲ್ಲ. ಯಾರೂ ಹೇಳಿ ಬರುತ್ತಲೂ ಇರಲಿಲ್ಲ. ಅಂಗಳದಲ್ಲಿ ಕಾರು ನಿಂತಿದ್ದರೆ ಮನೆಯವರು ಇದ್ದಾರೆ, ಇದ್ದಾರೆ ಎಂದರೆ ಹೋಗಬಹುದು. ಅಷ್ಟೇ ಕಾನೂನು.

ವೀನ್ಸ್ ಮನೆಯ ಕಪ್ಪು ಕಾರು ಪ್ರತಿ ಭಾನುವಾರ ಅಂಗಳದಲ್ಲೇ ಇರುತ್ತಿತ್ತು.

ಆ ಮನೆಯ ಸೊಸೆ ಯುಸ್ಟೀನಾಳಿಗೆ "ಆಗೋದಿಲ್ಲ" ಎನ್ನುವ ಮಾತು ಬಾಯಿಗೆ ಬರುತ್ತಿರಲಿಲ್ಲ. ಹಳ್ಳಿಯಲ್ಲಿ ಯಾರಾದರೂ ತೀರಿಕೊಂಡರೆ, ಸಮಾಧಿಯ ನಂತರದ ಊಟಕ್ಕೆಂದು ಹಿಟ್ಟನ್ನು ಒಂದೇ ಕಡೆ ಕಲಸಿ, ಬೇಯಿಸಿ ತರಲು ಮನೆಗೊಂದು ಬೋಗುಣಿಯಂತೆ ಹಂಚುತ್ತಿದ್ದರು. ಯುಸ್ಟೀನಾ ಎರಡು ಬೋಗುಣಿ ಹೊತ್ತು ಬರುತ್ತಿದ್ದಳು. ಪರದೇಶದ ಬಡವರಿಗೆ ಕೌದಿ ಕಳಿಸುವ ಹೊಲಿಗೆ ಸಂಘದಲ್ಲಿ ಎಲ್ಲರೂ ಹೋದ ಮೇಲೆ ದೀಪ ಆರಿಸಿ ಬರುವವಳು ಅವಳೇ. ಬಾಣಂತಿಯ ಮನೆಗೆ ಸೂಪು ಒಯ್ಯುವವಳೂ ಅವಳೇ. ಒಳ್ಳೆಯ ಕೆಲಸಕ್ಕೆ ಒಂದು ಕೆಟ್ಟ ಗುಣವಿದೆ: ಒಂದು ಸಲ ಮಾಡಿದವರ ಮನೆಯ ದಾರಿಯನ್ನು ಅದು ಬೇಗ ಕಲಿತುಬಿಡುತ್ತದೆ.

ಮೊದಲೆಲ್ಲ ಶನಿವಾರದ ಹಿಟ್ಟು ನಾದುವುದು ಅತ್ತೆ ಅಗನೇಟಾಳ ಕೆಲಸವಾಗಿತ್ತು. ಹಿಂದಿನ ಚಳಿಗಾಲದಲ್ಲಿ ಕೀಲುನೋವು ಬಂದು ಮುದುಕಿಯ ಬೆರಳುಗಳು ಬೇರಿನ ಹಾಗೆ ಸೊಟ್ಟಗಾದವು. ಅಲ್ಲಿಂದ ಅದೂ ಯುಸ್ಟೀನಾಳ ಪಾಲಿಗೆ ಬಂತು. ಗಂಡ ಕೊರ್ನೆಲಿಯಸ್‌ಗೆ ಹೊಲ, ಹಸು. ಮಗಳು ಫ್ರೀಡಾಗೆ ಪಟ್ಟಣದ ಟೆಲಿಫೋನ್ ಕಚೇರಿಯಲ್ಲಿ ಕೆಲಸ; ಶನಿವಾರ ಬನ್ನು ಒಲೆಯಿಂದ ಇಳಿದ ಮೇಲೆಯೇ ಅವಳ ಬಸ್ಸು ಊರು ಮುಟ್ಟುತ್ತಿತ್ತು. ಅತ್ತೆ ಒಲೆಯ ಪಕ್ಕದ ಕುರ್ಚಿಯಲ್ಲಿ ಕೂತು ಕೈಯಿಂದ ಮಾಡಲಾಗದ್ದನ್ನು ಬಾಯಿಂದ ಮಾಡುತ್ತಿದ್ದಳು.

"ಇನ್ನೂ ನಾದು. ಹಿಟ್ಟು ನಿನ್ನ ಕೈಗೆ ಅಂಟ್ತಾ ಇದೆ ಅಂದ್ರೆ ನಿನ್ನ ಮೇಲೆ ಅದಕ್ಕೆ ನಂಬಿಕೆ ಬಂದಿಲ್ಲ."

"ನಂಗೂ ಅದರ ಮೇಲೆ ಇಲ್ಲ ಅತ್ತೆ."

ಆ ವರ್ಷ ಸುಗ್ಗಿ ತಡವಾಗಿತ್ತು. ಟೊಮೇಟೊ, ಸೌತೆ, ಪ್ಲಮ್ ಎಲ್ಲ ಒಟ್ಟಿಗೆ ಹಣ್ಣಾಗಿ ಬಾಟಲಿಗೆ ತುಂಬುವ ಕೆಲಸ ತಲೆಯ ಮೇಲೆ ಬಂತು. ಅದರ ನಡುವೆ ಒಂದೇ ವಾರದಲ್ಲಿ ಹಳ್ಳಿಯಲ್ಲಿ ಎರಡು ಸಾವು. ಆ ವಾರದ ಭಾನುವಾರ ಪ್ರಸಂಗಿ ಎದ್ದು ನಿಂತು, ಒಳ್ಳೆಯದನ್ನು ಮಾಡುವುದರಲ್ಲಿ ದಣಿಯಬಾರದು, ಕೈಬಿಡದೆ ಇದ್ದವರಿಗೆ ತಕ್ಕ ಕಾಲದಲ್ಲಿ ಬೆಳೆ ಸಿಕ್ಕೇ ಸಿಗುತ್ತದೆ ಎಂದು ಬೋಧಿಸಿದರು. ಒಳ್ಳೆಯ ಪ್ರಸಂಗವೇ ಇರಬೇಕು. ಯುಸ್ಟೀನಾಳಿಗೆ "ದಣಿಯಬಾರದು" ಎಂಬಲ್ಲಿಯವರೆಗೆ ಕೇಳಿಸಿತು. ಆಮೇಲೆ ಪಕ್ಕದವಳ ಮೊಣಕೈ ಪಕ್ಕೆಗೆ ತಿವಿದಾಗ ಎಲ್ಲರೂ ಹಾಡಲು ಎದ್ದು ನಿಂತಿದ್ದರು.

ಅದೇ ಸಂಜೆ ಫಾಸ್ಪಾಕ್ಕೆ ಮೇಜಿನ ಸುತ್ತ ಕುರ್ಚಿ ಸಾಲದಷ್ಟು ಜನ. ಎಂದಿನ ಹಾಗೆ ಕಿಟಕಿಯ ಪಕ್ಕದ ಜಾಗದಲ್ಲಿ ಫ್ರಾನ್ಸ್ ಹಾರ್ಡರ್ ಕೂತಿದ್ದ. ರಸ್ತೆಯಾಚೆ ಒಂಟಿಯಾಗಿದ್ದ ವಿಧುರ, ಊರಿಗೆಲ್ಲ ಫ್ರಾನ್ಸ್ ಮಾವ. ಒಂದು ಭಾನುವಾರವೂ ತಪ್ಪಿಸಿದವನಲ್ಲ. ಒಂದು ಭಾನುವಾರವೂ ಕೊಂಕು ತೆಗೆಯದೆ ಎದ್ದವನೂ ಅಲ್ಲ. ತಲೆ ಬಗ್ಗಿಸಿ ಪ್ರಾರ್ಥನೆ ಮುಗಿದ ಮೇಲೆ ಯುಸ್ಟೀನಾ ಬನ್ನಿನ ತಟ್ಟೆ ತಂದಿಟ್ಟಳು. ಅರ್ಧಕ್ಕರ್ಧ ಬನ್ನುಗಳಿಗೆ ತಲೆ ಇರಲಿಲ್ಲ. ಬಿದ್ದ ತಲೆಗಳನ್ನು ಅವಳು ತಟ್ಟೆಯ ಅಂಚಿಗೆ ಸುರಿದಿದ್ದಳು.

ಫ್ರಾನ್ಸ್ ಒಂದನ್ನು ಎತ್ತಿ ಬೆಳಕಿಗೆ ಹಿಡಿದ.

"ಏನಮ್ಮ ಯುಸ್ಟೀನಾ, ಒಲೆ ಒಳಗೆ ಯುದ್ಧ ಆಯ್ತಾ? ಇಷ್ಟೊಂದು ತಲೆ ಉರುಳಿದಾವೆ?"

"ಆಯ್ತು ಮಾವ. ಸೋತೋಳು ನಾನು."

ಎಲ್ಲರೂ ನಕ್ಕರು. ಅಗನೇಟಾ ಮಾತ್ರ ಸೊಸೆಯ ಮುಖ ನೋಡಿ, ನಗು ಅರ್ಧಕ್ಕೆ ನಿಲ್ಲಿಸಿದಳು.

ಜನ ಹೋದ ಮೇಲೆ ಯುಸ್ಟೀನಾ ಪಾತ್ರೆ ತೊಳೆಯುತ್ತಿದ್ದಳು, ಫ್ರೀಡಾ ಒರೆಸುತ್ತಿದ್ದಳು. ಯುಸ್ಟೀನಾ ಬೆನ್ನು ತಿರುಗಿಸಿಕೊಂಡೇ ಹೇಳಿದಳು:

"ಇನ್ನು ಸಾಕು."

"ಏನು ಸಾಕು?" ಎಂದಳು ಅತ್ತೆ.

"ಭಾನುವಾರ. ಮುಂದಿನ ವಾರದಿಂದ ಈ ಮನೇಲಿ ಫಾಸ್ಪಾ ಇಲ್ಲ."

"ಭಾನುವಾರ ಮಾಡಿದೋನು ದೇವರು. ಸಾಕು ಅಂತ ಅವನಿಗೆ ಹೇಳು."

"ಅವನು ಅದನ್ನ ಸುಮ್ಮನೆ ಕೂತ್ಕೊಳ್ಳೋಕೆ ಮಾಡಿದ. ಹೋಟ್ಲು ಮಾಡಿದ್ದು ನೀವು."

ಫ್ರೀಡಾ ಒರೆಸುತ್ತಿದ್ದ ಬಟ್ಟಲನ್ನು ಎದೆಗೆ ಹಿಡಿದುಕೊಂಡು ನಿಂತಳು. ಬಾಗಿಲಲ್ಲಿ ಬೂಟು ಹಾಕಿಕೊಳ್ಳುತ್ತಿದ್ದ ಕೊರ್ನೆಲಿಯಸ್, ಹಸು ಕರೆಯಲು ಇನ್ನೂ ಹೊತ್ತಿದ್ದರೂ, ಬೇಗ ಬೇಗ ಲಾಡಿ ಕಟ್ಟತೊಡಗಿದ.

"ಹೋಟ್ಲು!" ಮುದುಕಿಯ ಗಂಟಲು ಏರಿತು. "ನಾವು ಈ ದೇಶಕ್ಕೆ ಬಂದಾಗ ನಮ್ಮ ಹತ್ರ ಏನಿತ್ತು? ಒಂದು ಚೀಲ ಒಣಗಿಸಿದ ಬನ್ನು. ರಷ್ಯಾದಿಂದ ರೈಲಲ್ಲಿ, ಹಡಗಲ್ಲಿ ಅದನ್ನೇ ಅದ್ದಿ ತಿಂದ್ಕೊಂಡು ಬಂದ್ವಿ. ಆ ಚಳಿಗಾಲ ಸುಸಾನ್ನಾ ದೊಡ್ಡಮ್ಮ, ಈ ಫ್ರಾನ್ಸನ ತಾಯಿ, ನಮ್ಮನ್ನ ಅವರ ಮನೇಲಿ ಇಟ್ಕೊಂಡ್ಲು. ಭಾನುವಾರ ಬಂದ್ರೆ ನಮ್ಮ ಹಾಗೆ ಬಂದಿದ್ದ ಮನೆಮನೆಯೋರೆಲ್ಲ ಅವಳ ಮೇಜಿಗೆ. ಒಂದು ದಿನ, ಒಂದೇ ಒಂದು ದಿನ ದಣಿದೆ ಅಂದೋಳಲ್ಲ ಅವಳು."

ಯುಸ್ಟೀನಾ ಈ ಕಥೆ ಕೇಳದ ವರ್ಷವಿರಲಿಲ್ಲ. ಮದುವೆಯಾಗಿ ಬಂದ ಮೊದಲ ಶನಿವಾರವೇ ಕೇಳಿದ್ದಳು. ಆಗ ಅವಳಿಗೆ ಆ ಸುಸಾನ್ನಾಳ ಹಾಗೆ ಆಗಬೇಕು ಎನಿಸಿತ್ತು. ಎಷ್ಟೋ ಸಲ ಹಿಟ್ಟಿನ ಮುಂದೆ ಕಣ್ಣು ಮುಚ್ಚಿಹೋಗುವಾಗ ಆ ಕಾಣದ ಹೆಂಗಸು ಎದುರಿಗೆ ನಿಂತು ನೋಡಿದ ಹಾಗೆ ಆಗಿ ಮತ್ತೆ ನಾದಿದ್ದಳು.

"ಅವಳು ದಣಿದಿಲ್ಲ, ನಾನು ದಣಿದಿದೀನಿ," ಎಂದಳು. "ಅವಳು ಸ್ವರ್ಗದಲ್ಲಿದಾಳೆ, ನಾನು ಪಾತ್ರೆ ತೊಳೀತಾ ಇದೀನಿ. ಫ್ರಾನ್ಸ್ ಮಾವ ಬನ್ನಿನ ತಲೆ ಎಣಿಸೋವಾಗ ಆ ಕಾಫಿ ಕೆಟಲು ಅವನ ತಲೆ ಮೇಲೆ ಬಗ್ಗಿಸಿಬಿಡೋಣ ಅನ್ನಿಸ್ತು ನಂಗೆ. ನಗ್ತಾ ನಗ್ತಾ ಅನ್ನಿಸ್ತು. ಅಂಥ ಮನಸ್ಸಿಟ್ಕೊಂಡು ಬಡಿಸೋ ಊಟ ಯಾರಿಗೆ ಬೇಕು?"

ಅತ್ತೆ ಒಲೆಯ ಕಡೆ ತಿರುಗಿ ಕೂತಳು. ಒರೆಸಿದ ಬಟ್ಟಲು ಫ್ರೀಡಾಳ ಕೈಯಲ್ಲೇ ಉಳಿಯಿತು.

ಈಗ ಒಂದು ತೊಡಕು ಬಂತು. ಫಾಸ್ಪಾ ಇಲ್ಲ ಎಂದು ಊರಿಗೆ ಹೇಳುವುದು ಹೇಗೆ? ಕರೆಯದೇ ಬರುವವರನ್ನು ಬರಬೇಡಿ ಎನ್ನುವುದಕ್ಕೆ ಆ ಊರಿನಲ್ಲಿ ಮಾತೇ ಹುಟ್ಟಿರಲಿಲ್ಲ. ಶನಿವಾರ ಯುಸ್ಟೀನಾ ಬೋಗುಣಿ ಇಳಿಸಲಿಲ್ಲ. ಪಟ್ಟಣದ ಅಂಗಡಿಯಿಂದ ಕೊಯ್ದಿಟ್ಟ ಬ್ರೆಡ್ಡು ತರಿಸಿದಳು. ಭಾನುವಾರ ಆರಾಧನೆಯಿಂದ ಬರುವಾಗ ಕಾರಿನಲ್ಲೇ ಹೇಳಿದಳು:

"ಕೊರ್ನಿ, ಕಾರು ಯಂತ್ರದ ಶೆಡ್ಡಿಗೆ ಹಾಕಿ. ಬಾಗಿಲು ಮುಚ್ಚಿ."

"ಶೆಡ್ಡಿಗಾ? ಅಲ್ಲಿ ಕೊಯ್ಲು ಯಂತ್ರ ಇದೆ."

"ಅದರ ಹಿಂದೆ ಹಾಕಿ."

"ಭಾನುವಾರ ಸುಳ್ಳು ಹೇಳಿದ ಹಾಗಾಗುತ್ತಲ್ಲ ಕಣೇ."

"ಬಾಯಿಂದ ಯಾರೂ ಹೇಳ್ತಿಲ್ಲ. ಕಾರು ಹೇಳುತ್ತೆ."

ಕೊರ್ನೆಲಿಯಸ್ ಕಾರನ್ನು ಕೊಯ್ಲು ಯಂತ್ರದ ಹಿಂದೆ ತೂರಿಸಿ, ಕಳ್ಳನ ಹಾಗೆ ಗೋಡೆ ಪಕ್ಕದಲ್ಲೇ ನಡೆದು ಮನೆಗೆ ಬಂದ. ಕಿಟಕಿಗಳ ಪರದೆ ಎಳೆದರು. ನಾಲ್ವರೂ ಹಿಂದಿನ ಅಡುಗೆಮನೆಯಲ್ಲಿ ಕೂತು ಬ್ರೆಡ್ಡು ತಿಂದರು. ಅದು ನೆನೆದ ಕಾಗದದ ಹಾಗಿತ್ತು. ಯಾರೋ ಬಂದು ಬಾಗಿಲು ತಟ್ಟಿದರು; ಮಕ್ಕಳ ಸದ್ದು, "ಇಲ್ಲ ಅನ್ಸುತ್ತೆ," ಎಂಬ ಮಾತು, ಮತ್ತೆ ಕಾರು ಹೊರಟ ಸದ್ದು. ಅಗನೇಟಾ ಒಂದು ಚೂರನ್ನೂ ಮುಟ್ಟಲಿಲ್ಲ. ಯುಸ್ಟೀನಾ ಮಲಗಲು ಹೋದಳು. ನಿದ್ದೆ ಬರಲಿಲ್ಲ. ರಸ್ತೆಯಲ್ಲಿ ಹೋದ ಪ್ರತಿಯೊಂದು ಕಾರೂ ತಮ್ಮ ಅಂಗಳದ ಎದುರು ನಿಧಾನವಾಗುವುದನ್ನು ಕೇಳುತ್ತ ಮಲಗಿದ್ದಳು.

ಎರಡನೆಯ ಭಾನುವಾರವೂ ಹಾಗೆಯೇ ಕಳೆಯಿತು. ಮರುದಿನ ಸಂಜೆ ಫ್ರೀಡಾ ಕೆಲಸದಿಂದ ಫೋನು ಮಾಡಿದಳು.

"ಅಮ್ಮಾ, ಇಲ್ಲಿ ಎಲ್ರೂ ಕೇಳ್ತಾರೆ, ಅಜ್ಜಿಗೆ ತುಂಬಾ ಸೀರಿಯಸ್ಸಾ ಅಂತ."

"ಯಾವ ಅಜ್ಜಿಗೆ?"

"ನಮ್ಮಜ್ಜಿಗೇ. ಎರಡು ವಾರ ಅಜ್ಜಿ ಆರಾಧನೆಗೆ ಬಂದಿಲ್ಲ, ಫಾಸ್ಪಾಕ್ಕೆ ಮನೇಲಿ ಯಾರೂ ಇಲ್ಲ ಅಂದ್ರೆ ವಿನಿಪೆಗ್ ಆಸ್ಪತ್ರೆಗೆ ಸೇರಿಸಿರಬೇಕು ಅಂತ ಊರೇ ತೀರ್ಮಾನ ಮಾಡಿದೆ."

"ನೀನೇನಂದೆ?"

"ಲೈನ್ ಕಟ್ಟಾದ ಹಾಗೆ ಮಾಡ್ದೆ."

ಮಂಗಳವಾರದಿಂದ ಮನೆಗೆ ಸೂಪು ಬರತೊಡಗಿತು. ಶಾವಿಗೆ ಹಾಕಿದ ಕೋಳಿ ಸೂಪು, ಎಲೆಕೋಸಿನ ಸೂಪು, ಮಜ್ಜಿಗೆಯದು, ಮತ್ತೆ ಎಲೆಕೋಸಿನದು. ಪ್ಲಮ್ ಹಣ್ಣಿನ ಸಿಹಿತಿಂಡಿ, ಉಪ್ಪಿನಕಾಯಿಯ ಬಾಟಲಿ. ತಂದವರೆಲ್ಲ ಪಿಸುಮಾತಿನಲ್ಲಿ ಮಾತಾಡಿ, ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದ ಅಗನೇಟಾಳನ್ನು ಕಂಡು, "ದೇವರ ದಯೆ, ಎಷ್ಟು ಬೇಗ ಚೇತರಿಸ್ಕೊಂಡ್ರಿ!" ಎಂದು ಕಣ್ಣೊರೆಸಿಕೊಂಡು ಹೋದರು. ಅಗನೇಟಾ ಯಾರಿಗೂ ಹೌದು ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ. ಆದರೆ ಪ್ರತಿ ಸಲ ಸೊಸೆಯ ಕಡೆ ಒಮ್ಮೆ ನೋಡುತ್ತಿದ್ದಳು.

ಶುಕ್ರವಾರ ಯುಸ್ಟೀನಾ ಮೇಜಿನ ಮೇಲೆ ಸಾಲಾಗಿ ನಿಂತ ಬೇರೆಯವರ ಪಾತ್ರೆಗಳನ್ನು ನೋಡಿದಳು. ಬಂದ ಪಾತ್ರೆಯನ್ನು ಖಾಲಿ ಕಳಿಸುವ ಪದ್ಧತಿ ಆ ಊರಿನಲ್ಲಿ ಇರಲಿಲ್ಲ. ಪ್ರತಿಯೊಂದಕ್ಕೂ ಏನಾದರೂ ಮಾಡಿ ತುಂಬಬೇಕು. ಕೊರ್ನೆಲಿಯಸ್ ಹಾಲಿನ ಕ್ಯಾನು ಇಳಿಸಲು ಬಂದವನು, ಅವಳು ನಿಂತ ರೀತಿ ನೋಡಿ ಕೇಳಿದ:

"ರೆಸ್ಟು ಹೇಗಾಗ್ತಿದೆ?"

"ಇದಕ್ಕಿಂತ ಬನ್ನೇ ವಾಸಿಯಾಗಿತ್ತು," ಎಂದಳು. ಹೇಳಿ ನಗಲು ಹೋದಳು, ಆಗಲಿಲ್ಲ. ಸೂಪಿನ ಪಾತ್ರೆಯ ಮುಚ್ಚಳದ ಮೇಲೆ ಎರಡೂ ಕೈ ಊರಿ ಅತ್ತಳು. "ಕೊರ್ನಿ, ನಂಗೆ ಯಾರ ಮೇಲೂ ಪ್ರೀತಿ ಉಳಿದಿಲ್ಲ. ಒಳ್ಳೇದು ಮಾಡೋದೂ ಬೇಡ, ಮಾಡದೆ ಇರೋದೂ ಆಗ್ತಿಲ್ಲ. ನಾನು ಮುಗಿದೋದೆ ಅನ್ಸುತ್ತೆ."

ಕೊರ್ನೆಲಿಯಸ್ ಮಾತಿನ ಮನುಷ್ಯನಲ್ಲ. ಟೋಪಿ ತೆಗೆದು ಹಾಲಿನ ಕ್ಯಾನಿನ ಮೇಲಿಟ್ಟ. ಆಮೇಲೆ ಅಂದ: "ಅವತ್ತು ದಣಿಯಬಾರದು ಅನ್ನೋವಾಗ ಪ್ರಸಂಗಿ ನಿನ್ನೊಬ್ಬಳ ಹೆಸರು ಹೇಳಿದ್ದು ನಂಗೆ ಕೇಳಿಸ್ಲಿಲ್ಲ. ಇಡೀ ಸಭೆಗೇ ಹೇಳಿದ ಹಾಗಿತ್ತು."

"ನಂಗೆ ಗೊತ್ತಿಲ್ಲ. ನಾನು ಮಲಗಿದ್ದೆ."

ಮೂರನೆಯ ಭಾನುವಾರ ಆರಾಧನೆಯ ಹೊತ್ತಿನಲ್ಲಿ ವರ್ಷದ ಮೊದಲ ಹಿಮ ಬಿತ್ತು. ಜರಡಿ ಹಿಡಿದು ಉದುರಿಸಿದ ಹಿಟ್ಟಿನ ಹಾಗೆ ಅಂಗಳದ ಮೇಲೆ ತೆಳ್ಳಗೆ ಬಿದ್ದು ನಿಂತಿತು. ಕಾರು ಶೆಡ್ಡಿನಲ್ಲಿ, ಪರದೆ ಕಿಟಕಿಯಲ್ಲಿ, ಬ್ರೆಡ್ಡು ತಟ್ಟೆಯಲ್ಲಿ. ಫಾಸ್ಪಾದ ಹೊತ್ತಿಗೆ ಮುಂಬಾಗಿಲ ಮೆಟ್ಟಿಲ ಮೇಲೆ ಬೂಟಿನ ಸದ್ದಾಯಿತು. ಯಾರೋ ಬಾಗಿಲು ತಟ್ಟಿದರು. ಆ ತಟ್ಟುವಿಕೆಯಲ್ಲೇ ಗೊತ್ತಾಯಿತು, ಫ್ರಾನ್ಸ್ ಮಾವ. ಒಳಗೆ ಯಾರೂ ಉಸಿರೆತ್ತಲಿಲ್ಲ. ಮತ್ತೊಮ್ಮೆ ತಟ್ಟಿದ. ಆಮೇಲೆ ಮೆಟ್ಟಿಲಿಳಿದು ಹೋಗುವ ಸದ್ದಿಗೆ ಕಾದರು. ಆ ಸದ್ದು ಬರಲಿಲ್ಲ.

ಫ್ರೀಡಾ ಬೆಕ್ಕಿನ ಹೆಜ್ಜೆ ಇಟ್ಟು ಹೋಗಿ ಪರದೆಯ ಸಂದಿಯಲ್ಲಿ ನೋಡಿ ಬಂದು ಪಿಸುಗುಟ್ಟಿದಳು: "ಮೆಟ್ಟಿಲ ಮೇಲೆ ಕೂತಿದಾರೆ. ಕಾಲರ್ ಮೇಲೆತ್ತಿಕೊಂಡು."

ಒಂದು ಕಿವಿ ಮಂದವಾಗಿದ್ದ ಅಗನೇಟಾ ತನಗೆ ಪಿಸುಮಾತು ಎನಿಸಿದ ದನಿಯಲ್ಲಿ ಕೇಳಿದಳು: "ಹೋದನಾ?"

ಬಾಗಿಲಾಚೆಯಿಂದ ಉತ್ತರ ಬಂತು: "ಇನ್ನೂ ಇಲ್ಲ ಅಗನೇಟಾ."

ಕೊರ್ನೆಲಿಯಸ್ ಬ್ರೆಡ್ಡು ಗಂಟಲಲ್ಲಿ ಸಿಕ್ಕಿ ಕೆಮ್ಮಿದ. ಫ್ರೀಡಾ ಬಾಯಿಗೆ ಬಟ್ಟೆ ತುರುಕಿಕೊಂಡಳು. ಯುಸ್ಟೀನಾ ಎದ್ದಳು. ಮುಖ ಕೆಂಪಾಗಿತ್ತು, ನಾಚಿಕೆಯೋ ಸಿಟ್ಟೋ ಅವಳಿಗೇ ತಿಳಿಯದು. ಹೋಗಿ ಬಾಗಿಲು ತೆರೆದಳು.

"ಚಳಿಯಲ್ಲಿ ಯಾಕೆ ಕೂತಿದೀರಿ ಮಾವ? ಕಾರಿಲ್ಲ ಅಂದ್ರೆ ಗೊತ್ತಾಗೋದಿಲ್ವಾ?"

"ಕಾರಿನ ಚಕ್ರದ ಗುರುತು ಶೆಡ್ಡಿನೊಳಗೆ ಹೋಗಿದೆ, ಹೊರಗೆ ಬಂದಿಲ್ಲ," ಎಂದ ಫ್ರಾನ್ಸ್, ಅಂಗಳದ ಹಿಮದ ಕಡೆ ಗದ್ದ ಎತ್ತಿ. "ಹಿಮ ಬಿದ್ದ ದಿನ ಬಚ್ಚಿಡಬಾರದು. ನಾನು ಜಾರುಬಂಡಿ ಬಚ್ಚಿಟ್ಟಾಗ ಮೊದಲು ದಾರಿ ಗುಡಿಸ್ತಿದ್ದೆ."

"ನೀವು ಯಾಕೆ ಬಚ್ಚಿಡ್ತಿದ್ರಿ?"

"ನಮ್ಮಮ್ಮ ಬಚ್ಚಿಡು ಅಂದಾಗ ಬಚ್ಚಿಡ್ಬೇಕಲ್ಲ. ಆ ವರ್ಷ ರಷ್ಯಾದಿಂದ ನಿಮ್ಮತ್ತೆಯೋರೆಲ್ಲ ಬಂದಿದ್ದ ಚಳಿಗಾಲ. ಆಗ ಒಂದೆರಡು ಭಾನುವಾರ 'ಫ್ರಾನ್ಸ್, ಬಂಡಿ ಕೊಟ್ಟಿಗೆ ಹಿಂದೆ ಹಾಕು, ಯಾರಾದ್ರೂ ಬಂದ್ರೆ ನಾವಿಲ್ಲ,' ಅನ್ನೋಳು. ಇಲ್ಲಿ ನಿಂತು ಮಾತಾಡೋಣ ಅಂದ್ರೆ ಮಾತಾಡೋಣ, ಆದ್ರೆ ನನ್ನ ಮೂಗು ಬಿದ್ದುಹೋಗುತ್ತೆ."

ಯುಸ್ಟೀನಾ ಪಕ್ಕಕ್ಕೆ ಸರಿದಳು. ಅವನು ಒಳಗೆ ಬಂದು, ಬೂಟು ಬಿಚ್ಚಿ, ಹಿಂದಿನ ಅಡುಗೆಮನೆಯ ಮೇಜಿನ ಮೇಲಿದ್ದ ಬ್ರೆಡ್ಡನ್ನು ನೋಡಿದ. ಈ ಸಲ ಏನೂ ಅನ್ನಲಿಲ್ಲ. ಯುಸ್ಟೀನಾ ಅವನನ್ನು ದಾಟಿ ನೇರ ಅತ್ತೆಯ ಮುಂದೆ ಹೋಗಿ ನಿಂತಳು.

"ಸುಸಾನ್ನಾ ದೊಡ್ಡಮ್ಮ ಬಚ್ಚಿಟ್ಕೋತಿದ್ಲಾ?"

ಅಗನೇಟಾ ಕೇಳಿಸದವಳ ಹಾಗೆ ಮೇಜುವಸ್ತ್ರ ಸರಿಪಡಿಸಿದಳು.

"ಅತ್ತೆ, ಇದು ನಿಮ್ಮ ಒಳ್ಳೆ ಕಿವಿ. ಬಚ್ಚಿಟ್ಕೋತಿದ್ಲಾ?"

"ಎರಡು ವಾರ," ಎಂದಳು ಅಗನೇಟಾ. "ಉಗ್ರಾಣದಲ್ಲಿ. ಹಿಟ್ಟಿನ ಮೂಟೆ ಹಿಂದೆ."

"ನಿಮಗೆ ಹೇಗೆ ಗೊತ್ತು?"

"ಹೇಗೆ ಅಂದ್ರೆ? ನಾನೂ ಅವಳ ಪಕ್ಕದಲ್ಲೇ ಕೂತಿದ್ದೆ. ನಿನ್ನ ಗಂಡ ಆಗ ಚಿಕ್ಕೋನು, ಕೂಗಿಬಿಡ್ತಾನೆ ಅಂತ ಅವನ ಬಾಯಿಗೆ ಕೈ ಅಡ್ಡ ಇಟ್ಕೊಂಡಿದ್ದೆ."

"ನಂಗೆ ಆ ಕೈ ನೆನಪಿದೆ," ಎಂದ ಕೊರ್ನೆಲಿಯಸ್ ಮೆಲ್ಲಗೆ. "ಈರುಳ್ಳಿ ವಾಸನೆ ಬರ್ತಿತ್ತು."

"ಇಷ್ಟು ವರ್ಷ ನಂಗೆ ಹೇಳಿದ್ದೇನು ನೀವು? ಒಂದು ದಿನ ದಣಿದೆ ಅನ್ಲಿಲ್ಲ, ಒಂದು ದಿನ ದಣಿದೆ ಅನ್ಲಿಲ್ಲ ಅಂತ! ಆ ಹೆಂಗಸಿನ ಹೆಸರು ಹೇಳಿ ಹೇಳಿ ನನ್ನ ಬೆನ್ನು ಮುರಿದ್ರಲ್ಲ!"

"ನಿಜ ಹೇಳಿದ್ರೆ ನೀನು ಶನಿವಾರ ಏಳ್ತಿದ್ಯಾ?"

"ನಿಜ ಹೇಳಿದ್ರೆ ನಾನು ಒಂದು ಶನಿವಾರ ಮಲಗ್ತಿದ್ದೆ. ಆಮೇಲೆ ಎದ್ದೇ ಏಳ್ತಿದ್ದೆ."

ಅಗನೇಟಾ ತನ್ನ ಸೊಟ್ಟ ಬೆರಳುಗಳನ್ನು ಮೇಜಿನ ಮೇಲಿಟ್ಟು ನೋಡಿಕೊಂಡಳು. ಮಾತಾಡುವಾಗ ದನಿ ತಗ್ಗಿತ್ತು. ಈ ಸಲ ನಿಜವಾಗಿಯೂ ತಗ್ಗಿತ್ತು.

"ಅವಳು ಆ ಉಗ್ರಾಣದಲ್ಲಿ ಅತ್ತಳು ಯುಸ್ಟೀನಾ. ನಮ್ಮ ಮೇಲೆ ಬೇಜಾರಾಗಿ ಅತ್ತಳು. ನಾವು ಅವಳ ಮನೆ ತಿಂತಾ ಇದ್ವಿ, ನಮ್ಮೆದುರಿಗೇ ಅಳಬೇಕಾಯ್ತು ಅವಳಿಗೆ. ಅದನ್ನ ನೋಡಿ ಅರ್ಥ ಮಾಡ್ಕೊಂಡಿದ್ದು ನಾನೊಬ್ಬಳೇ. ಅವಳ ಮರ್ಯಾದೆ ಹೊರಗೆ ಹಾಕೋಕೆ ನಂಗೆ ಮನಸ್ಸು ಬರ್ಲಿಲ್ಲ. ಸತ್ತ ಮೇಲಂತೂ ಬರ್ಲೇ ಇಲ್ಲ."

"ಆಮೇಲೆ?" ಎಂದಳು ಫ್ರೀಡಾ.

"ಆಮೇಲೆ ಮುಂದಿನ ಶನಿವಾರ ನಾನು ಬೆಳಿಗ್ಗೆ ಬೇಗ ಎದ್ದು ಅವಳಿಗಿಂತ ಮೊದಲು ಬೋಗುಣಿ ಹಿಡಿದೆ. ಅವಳು ಕಿತ್ಕೊಳ್ಳೋಕೆ ಬಂದ್ಲು, ನಾನು ಬಿಡ್ಲಿಲ್ಲ. ಜಗಳಾನೇ ಆಯ್ತು. ಕೊನೆಗೆ ಅವಳು ಒಲೆ ಪಕ್ಕದ ಕುರ್ಚಿ ಮೇಲೆ ಕೂತು, ನಾನು ನಾದಿದ್ದರಲ್ಲಿ ತಪ್ಪು ಹುಡುಕಿದ್ಲು."

"ಹಾಗಾದ್ರೆ ತಪ್ಪು ಹುಡುಕೋದನ್ನ ಅವಳ ಹತ್ರ ಕಲಿತಿರಾ," ಎಂದಳು ಯುಸ್ಟೀನಾ. ಆದರೆ ಅವಳು ಕುರ್ಚಿ ಎಳೆದುಕೊಂಡು ಕೂತಿದ್ದಳು. ಫ್ರಾನ್ಸನ ಕಡೆ ತಿರುಗಿದಳು. "ನಾವು ಒಳಗಿದೀವಿ ಅಂತ ಗೊತ್ತಿದ್ರೂ ಯಾಕೆ ಕೂತಿದ್ರಿ ಮಾವ? ಹೋಗ್ಬಹುದಿತ್ತಲ್ಲ."

ಫ್ರಾನ್ಸ್ ಗದ್ದ ಕೆರೆದುಕೊಂಡ. "ಮೊದಲ ಭಾನುವಾರ ಹೋದೆ. ಎರಡನೇದೂ ಹೋದೆ. ಮನೇಲಿ ಒಬ್ಬನೇ ಕೂತು ಬೆಣ್ಣೆ ಸವರ್ಕೊಂಡೆ. ಬನ್ನಿಗೆ ಬಯ್ಯೋಣ ಅಂದ್ರೆ ಕೇಳೋಕೆ ಯಾರೂ ಇಲ್ಲ." ಅವನು ಯಾರ ಮುಖವನ್ನೂ ನೋಡಲಿಲ್ಲ. "ಇವತ್ತು ನಿಂಗೊಂದು ಮಾತು ಹೇಳೋಣ ಅಂತ ಬಂದೆ. ಅವತ್ತು ಆ ತಲೆ ಮಾತು ಆಡಬಾರದಿತ್ತು. ನಿನ್ನ ಮುಖ ನಮ್ಮಮ್ಮನ ಮುಖದ ಹಾಗೆ ಆಗಿದ್ದು ಮನೆಗೆ ಹೋದ ಮೇಲೆ ಹೊಳೀತು."

ಯುಸ್ಟೀನಾ ಎದ್ದು ಅವನ ಬಟ್ಟಲಿಗೆ ಕಾಫಿ ಬಗ್ಗಿಸಿದಳು, ತಲೆಯ ಮೇಲಲ್ಲ.

"ಮಾತಿಂದ ಆಗೋದಿಲ್ಲ ಮಾವ," ಎಂದಳು. "ಶನಿವಾರ ಬನ್ನಿ."

"ಯಾಕೆ?"

"ಹಿಟ್ಟು ನಾದೋಕೆ."

"ನಾನಾ? ಗಂಡಸಾ? ಊರು ನಗುತ್ತೆ."

"ನಗ್ಲಿ. ಅಳೋದಕ್ಕಿಂತ ವಾಸಿ."

ಫ್ರಾನ್ಸ್ ಹಾರ್ಡರ್ ಆ ಶನಿವಾರ ನಿಜವಾಗಿ ಬಂದ. ತೋಳು ಮಡಚಿ, ಅಗನೇಟಾಳ ಎರಡು ಏಪ್ರನ್ನುಗಳನ್ನು ಒಟ್ಟಿಗೆ ಕಟ್ಟಿಕೊಂಡು ನಿಂತ. ಒಂದೇ ಏಪ್ರನ್ನು ಅವನ ಹೊಟ್ಟೆಯನ್ನು ಸುತ್ತಿಬರುತ್ತಿರಲಿಲ್ಲ. ಕುದುರೆಗೆ ಜೀನು ಬಿಗಿಯುವವನ ಹಾಗೆ ಹಿಟ್ಟಿನ ಮೇಲೆ ಬಿದ್ದ.

"ಕೊಲ್ಲಬೇಡ ಅದನ್ನ!" ಎಂದಳು ಅಗನೇಟಾ ಕುರ್ಚಿಯಿಂದ.

"ನೀನೇ ನಂಬಿಕೆ ಬರೋವರೆಗೂ ನಾದು ಅಂದ್ಯಲ್ಲ."

"ನಂಬಿಕೆ ಬರಬೇಕು, ಹೆದರಿಕೆ ಅಲ್ಲ."

ಟೆಲಿಫೋನ್ ಕಚೇರಿಯಲ್ಲಿ ಶನಿವಾರದ ಸರದಿಯನ್ನು ಬೇರೆ ಹುಡುಗಿಯೊಂದಿಗೆ ಬದಲಾಯಿಸಿಕೊಂಡು ಬಂದಿದ್ದ ಫ್ರೀಡಾ ಉಂಡೆ ಮಾಡಿದಳು. ಕೊರ್ನೆಲಿಯಸ್, ಯಾರೂ ಕರೆಯದೆ, ಕಟ್ಟಿಗೆ ತಂದು ಒಲೆ ನೋಡಿಕೊಂಡ. ಹೆಬ್ಬೆರಳಿನಿಂದ ತಲೆ ಒತ್ತುವ ಕೆಲಸಕ್ಕೆ ಮಾತ್ರ ಯುಸ್ಟೀನಾ ನಿಂತಳು. ಅದನ್ನು ಯಾರಿಗೂ ಬಿಡಲಿಲ್ಲ. ಸೂಪಿನ ಪಾತ್ರೆಗಳನ್ನೂ ಅವಳು ಬನ್ನಿನಿಂದಲೇ ತುಂಬಿದಳು. ಪಾತ್ರೆ ವಾಪಸು ಒಯ್ಯುವಾಗ ಪ್ರತಿ ಮನೆಯಲ್ಲೂ, "ಅತ್ತೆಗೆ ಏನೂ ಆಗಿರ್ಲಿಲ್ಲ, ದಣಿದಿದ್ದೋಳು ನಾನು," ಎಂದು ಹೇಳಿ ಬಂದಳು. ಬಾಗಿಲಲ್ಲಿ ನಿಂತು ಹಾಗೆ ಹೇಳುವುದು ಹಿಟ್ಟು ನಾದುವುದಕ್ಕಿಂತ ಕಷ್ಟವಾಗಿತ್ತು. ಆದರೆ ಮೂರು ಮನೆಗಳ ಹೆಂಗಸರು ಅವಳನ್ನು ಒಳಗೆ ಕರೆದು ಕೂರಿಸಿ, ಬಾಗಿಲು ಹಾಕಿ, "ನಾನೂನು ಕಣೇ," ಎಂದರು.

ಭಾನುವಾರ ಆರಾಧನೆಯಿಂದ ಬಂದಾಗ ಕೊರ್ನೆಲಿಯಸ್ ಅಂಗಳದ ಬಾಯಲ್ಲಿ ಕಾರು ನಿಧಾನ ಮಾಡಿದ.

"ಎಲ್ಲಿ ನಿಲ್ಲಿಸ್ಲಿ?"

"ಕಾಣೋ ಕಡೆ," ಎಂದಳು ಯುಸ್ಟೀನಾ.

ಬನ್ನುಗಳು ಗಟ್ಟಿಯಾಗಿದ್ದವು. ಅರ್ಧದಷ್ಟರ ತಲೆ ಒಂದು ಪಕ್ಕಕ್ಕೆ ವಾಲಿ, ಪ್ರಸಂಗದಲ್ಲಿ ತೂಕಡಿಸುವವರ ಸಾಲಿನ ಹಾಗೆ ಕಾಣುತ್ತಿತ್ತು. ಬಂದವರೆಲ್ಲ ತಿಂದರು. ಕೊಂಕು ತೆಗೆದವರಿಗೆ ಫ್ರಾನ್ಸ್ ಮಾವ ಖುದ್ದು ಉತ್ತರ ಕೊಟ್ಟ. ಪಾತ್ರೆ ತೊಳೆಯಲು ಏಳುತ್ತಿದ್ದ ಯುಸ್ಟೀನಾಳ ಭುಜದ ಮೇಲೆ ಒಂದು ಸೊಟ್ಟ ಕೈ ಬಿತ್ತು. "ಕೂತ್ಕೊ," ಎಂದಳು ಅತ್ತೆ. ಇಪ್ಪತ್ತು ವರ್ಷದಲ್ಲಿ ಆ ಮಾತು ಆ ಮನೆಯಲ್ಲಿ ಅವಳಿಗೆ ಯಾರೂ ಹೇಳಿರಲಿಲ್ಲ. ಕೂರಲೇ ಎಂದು ಅವಳೂ ಯಾರನ್ನೂ ಕೇಳಿರಲಿಲ್ಲ.

ಅಲ್ಲಿಂದ ಒಂದು ಪದ್ಧತಿ ಬೆಳೆಯಿತು. ಮೂರು ಭಾನುವಾರ ವೀನ್ಸ್ ಮನೆಯ ಕಾರು ಅಂಗಳದಲ್ಲಿ ನಿಲ್ಲುತ್ತಿತ್ತು. ನಾಲ್ಕನೆಯದಕ್ಕೆ ಶೆಡ್ಡಿನಲ್ಲಿ ನಿಲ್ಲುತ್ತಿತ್ತು, ಆದರೆ ಶೆಡ್ಡಿನ ಬಾಗಿಲು ಮುಚ್ಚುತ್ತಿರಲಿಲ್ಲ. ಎರಡೂ ಕದ ಹಾರು ಹೊಡೆದಿರುತ್ತಿದ್ದವು. ರಸ್ತೆಯಲ್ಲಿ ಹೋಗುವವರಿಗೆ ಕಾರಿನ ಹಿಂಭಾಗ ಚೆನ್ನಾಗಿ ಕಾಣುತ್ತಿತ್ತು. ಮನೆಯವರು ಇದ್ದಾರೆ, ಮಲಗಿದ್ದಾರೆ. ಆ ದಿನ ಅಲ್ಲಿಗೆ ಬರುತ್ತಿದ್ದವರಿಗಾಗಿ ಬೇರೊಂದು ಮನೆಯ ಮೇಜಿನ ಸುತ್ತ ಎರಡು ಕುರ್ಚಿ ಹೆಚ್ಚು ಬೀಳುತ್ತಿದ್ದವು. ಮರುವರ್ಷದ ಹೊತ್ತಿಗೆ ಬಿರ್ಕೆನ್‌ಟಾಲ್‌ನ ಇನ್ನೂ ಕೆಲವು ಶೆಡ್ಡುಗಳ ಬಾಗಿಲು ಹಾಗೆ ತೆರೆದಿರುವುದು ಕಂಡಿತು. ಯಾರೂ ಅದರ ಬಗ್ಗೆ ಸಭೆ ಸೇರಿಸಲಿಲ್ಲ, ಪ್ರಸಂಗ ಮಾಡಲಿಲ್ಲ.

ಹಾಗೆ ಶೆಡ್ಡಿನ ಬಾಗಿಲು ಮೊದಲ ಸಲ ತೆರೆದಿಟ್ಟ ಭಾನುವಾರ ಯುಸ್ಟೀನಾಳ ನೆನಪಿನಲ್ಲಿ ಕೊನೆಯವರೆಗೂ ಉಳಿಯಿತು. ಅಗನೇಟಾ ಕುರ್ಚಿಯಲ್ಲೇ ಗೊರಕೆ ಹೊಡೆಯುತ್ತಿದ್ದಳು. ಪರದೆ ಎಳೆದಿರಲಿಲ್ಲ. ಯುಸ್ಟೀನಾ ಕಿಟಕಿಯ ಬಳಿ ನಿಂತು, ವಾಲಿದ ತಲೆಯ ಒಂದು ಬನ್ನು ಹಿಡಿದು, ಮಕ್ಕಳು ಮಾಡುವ ಹಾಗೆ ಮೊದಲು ತಲೆ ಕಿತ್ತು ಬಾಯಿಗಿಟ್ಟುಕೊಂಡಿದ್ದಳು. ರಸ್ತೆಯಲ್ಲಿ ಫ್ರಾನ್ಸ್ ಮಾವ ಬರುತ್ತಿದ್ದ. ಹಿಂದಿನ ದಿನ ತಾನೇ ನಾದಿದ ಬನ್ನಿನ ಕಾಗದದ ಚೀಲ ಅವನ ಕೈಯಲ್ಲಿತ್ತು. ಯಾರ ಮನೆಗೋ ಹೊರಟಿದ್ದ. ವೀನ್ಸ್ ಅಂಗಳದ ಎದುರು ಬಂದು ನಿಂತ. ತೆರೆದ ಶೆಡ್ಡನ್ನು ನೋಡಿದ, ಒಳಗೆ ನಿಂತ ಕಾರನ್ನು ನೋಡಿದ. ಆರಾಧನಾ ಮಂದಿರದ ಬಾಗಿಲಲ್ಲಿ ತೆಗೆಯುವ ಹಾಗೆ ಟೋಪಿ ತೆಗೆದು, ಆ ಕಾರಿಗೆ ತಲೆ ಬಾಗಿಸಿದ. ಆಮೇಲೆ ಹಿಮದಲ್ಲಿ ಸದ್ದಾಗದಂತೆ ಹೆಜ್ಜೆ ಇಡುತ್ತ ಮುಂದೆ ಹೋದ.